ಮಂತ್ರಿಗಳ ಮಾತಿಗೆ ನಾನು ಸೇರಿಸಿದ ನಾಲ್ಕು ವಾಕ್ಯ

ಅಧ್ಯಕ್ಷರ ಫೋನ್ ಬಂದಾಗ ನಾನು ಕೆಲಸ ಮಾಡುವ ಶಾಲೆಯ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನೊಳಗೇ ಕುಳಿತು ಊಟದ ಡಬ್ಬಿ ತೆರೆಯುತ್ತಿದ್ದೆ. ಮೇ ತಿಂಗಳು. ಅಧ್ಯಕ್ಷರು ಅಂದರೆ ನಮ್ಮ ಡಾಲಸ್ ಕಡೆಯ ಕನ್ನಡ ಬಳಗದ ಅಧ್ಯಕ್ಷರು. ಆ ವಾರದ ಕೊನೆಗೆ ನಾಡಿನಿಂದ ಒಬ್ಬ ಮಂತ್ರಿಗಳು ಬರುತ್ತಿದ್ದಾರೆ, ಶಿಕ್ಷಣದ ಕೆಲಸ ನೋಡುವವರು, ಡಾಲಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಕಡೆ ಮಾತಾಡುತ್ತಾರೆ ಎಂದು ಹೇಳಿ, ಕೊನೆಗೆ ವಿಷಯಕ್ಕೆ ಬಂದರು.

"ಮೇಡಂ, ನಿಮ್ದು ದೊಡ್ಡ ಗಾಡಿ. ಸೋಮವಾರ ಹೆಂಗೂ ಎಲ್ಲರಿಗೂ ರಜೆ. ಅವರನ್ನ ಡ್ರೈವ್ ಮಾಡ್ಕೊಂಡು ಹೋಗಿ, ಆಸ್ಟಿನ್‌ನಲ್ಲಿ ಅವರ ಮಾತನ್ನ ಇಂಗ್ಲಿಷ್‌ಗೆ ನೀವೇ ಹೇಳ್ಬಿಡಿ. ನಿಮ್ಮಷ್ಟು ಚೆನ್ನಾಗಿ ಎರಡೂ ಬರೋರು ಯಾರಿದಾರೆ ಹೇಳಿ?"

ಹಿಂದೆಲ್ಲ ಹೀಗೆ ಯಾರಾದರೂ ಬಂದರೆ ಬಾಡಿಗೆಯ ವ್ಯಾನು, ಹೋಟೆಲು, ಕೇಟರಿಂಗ್ ಎಲ್ಲ ಇರುತ್ತಿತ್ತು. ಆ ವರ್ಷ ಪ್ರಾಯೋಜಕರೆಲ್ಲ ಕೈ ಎತ್ತಿದ್ದರು. ಪ್ಲೇನೋ ಕಡೆಯ ದೊಡ್ಡ ದೊಡ್ಡ ಆಫೀಸುಗಳಲ್ಲಿ ವಾರಕ್ಕೊಮ್ಮೆ ಯಾರದಾದರೂ ಕೆಲಸ ಹೋದ ಸುದ್ದಿ. ನನ್ನ ಗಂಡನ ಕಾಂಟ್ರಾಕ್ಟ್ ಫೆಬ್ರವರಿಯಲ್ಲೇ ಮುಗಿದಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದವರು ಸಂಜೆಯವರೆಗೆ ಏಳುತ್ತಿರಲಿಲ್ಲ.

ನಾನು ಒಪ್ಪಿಕೊಂಡೆ. ಅಧ್ಯಕ್ಷರು ಹೊಗಳಿದರೆಂದಲ್ಲ. ಮಂತ್ರಿಗಳ ಹತ್ತಿರ ನನಗೊಂದು ಮಾತು ಕೇಳುವುದಿತ್ತು.

ಮದುವೆಯಾಗಿ ಇಲ್ಲಿಗೆ ಬರುವ ಮೊದಲು ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಆರು ವರ್ಷ ಟೀಚರಾಗಿದ್ದೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಹೊಂಗೆಮರ. ಅಲ್ಲಿ ನನ್ನ ಜೊತೆಗಿದ್ದ ಹಿರಿಯ ಶಿಕ್ಷಕಿ ಆಗಲೂ ಅಲ್ಲೇ ಇದ್ದರು. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಎರಡು ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಆ ವರ್ಷದ ಏಪ್ರಿಲ್‌ನಲ್ಲಿ ಅಕ್ಕ ಹೇಳಿದರು: "ನಮ್ಮ ಶಾಲೆನ ವಿಲೀನ ಮಾಡ್ತಾರಂತೆ ಕಣೇ. ಮಕ್ಕಳು ಕಮ್ಮಿ, ಸರ್ಕಾರದ ಹತ್ರ ದುಡ್ಡಿಲ್ಲ. ಜೂನ್‌ನಿಂದ ಎಲ್ಲ ಮಕ್ಕಳೂ ಪಕ್ಕದೂರಿಗೆ ಹೋಗ್ಬೇಕು."

ಪಕ್ಕದೂರು ಅಂದರೆ ಮೂರೂವರೆ ಕಿಲೋಮೀಟರು. ನನ್ನ ಕಾಲದಲ್ಲಿ ಅದು ಎತ್ತಿನ ಗಾಡಿ ಹೋಗುವ ದಾರಿ. ಈಗ ಆಚೆ ಗುಡ್ಡದಲ್ಲಿ ಜಲ್ಲಿ ಕ್ರಷರ್ ಬಂದಿದೆ. ದಿನವಿಡೀ ಟಿಪ್ಪರ್ ಲಾರಿಗಳು ದೂಳೆಬ್ಬಿಸಿಕೊಂಡು ಓಡಾಡುತ್ತವೆ. ಒಂದನೇ ಕ್ಲಾಸಿನ ಮಕ್ಕಳು ಆ ದಾರಿಯಲ್ಲಿ ನಡೆಯಬೇಕು. ಬಸ್ಸಿಲ್ಲ, ವ್ಯಾನಿಲ್ಲ. ನನ್ನ ಪ್ರಶ್ನೆ ಇಷ್ಟೇ: ಶಾಲೆ ಮುಚ್ಚುವುದಾದರೆ ಮುಚ್ಚಿ, ಮಕ್ಕಳು ಹೋಗುವುದು ಹೇಗೆ?

ನಮ್ಮ ಮನೆ ಯೂಲೆಸ್‌ನಲ್ಲಿ, ಏರ್‌ಪೋರ್ಟಿನ ಮಗ್ಗುಲಲ್ಲೇ. ಶನಿವಾರ ಮಧ್ಯಾಹ್ನ ಹೋಗಿ ಮಂತ್ರಿಗಳನ್ನು ಕರೆತಂದೆ. ಮಂತ್ರಿ ಅಂದರೆ ನನ್ನ ಮನಸ್ಸಿನಲ್ಲಿದ್ದ ಚಿತ್ರಕ್ಕೂ ಬಂದ ಮನುಷ್ಯನಿಗೂ ಸಂಬಂಧವಿರಲಿಲ್ಲ. ಅರವತ್ತರ ಆಸುಪಾಸಿನ ಕುಳ್ಳನೆಯ ವ್ಯಕ್ತಿ, ಆ ಸೆಕೆಯಲ್ಲೂ ತೋಳಿಲ್ಲದ ಸ್ವೆಟರ್, ತನ್ನ ಚೀಲ ತಾನೇ ಹಿಡಿದುಕೊಂಡಿದ್ದರು. ಹಿಂದೆ ಅವರ ಆಪ್ತ ಕಾರ್ಯದರ್ಶಿ, ಕೈಯಲ್ಲಿ ಎರಡು ಫೋನು. ಕಾರು ಹತ್ತಿದ ಕಾರ್ಯದರ್ಶಿ ಹಿಂದಿನ ಸೀಟಿನಲ್ಲಿ ನಿದ್ದೆಹೋದರೆ ಊರು ಬರುವವರೆಗೆ ಏಳುತ್ತಿರಲಿಲ್ಲ. ಮೂರೂ ದಿನ ಹಾಗೆಯೇ.

"ನೀವೂ ಶಿಕ್ಷಕರಂತ?" ಮಂತ್ರಿಗಳು ಕೇಳಿದರು. ಉತ್ತರ ಕರ್ನಾಟಕದ ಮಾತು. "ನಾನೂ ಮೂರು ವರ್ಷ ಗಣಿತ ಕಲಿಸೇನ್ರಿ, ರಾಜಕೀಯಕ್ಕ ಬರೂಕಿಂತ ಮೊದಲ."

ನನಗೆ ಜೀವ ಬಂದಂತಾಯಿತು. ಮಾಸ್ತರಾಗಿದ್ದವರು, ಅರ್ಥವಾಗುತ್ತದೆ ಎಂದುಕೊಂಡೆ.

ಡಾಲಸ್ ಕಾರ್ಯಕ್ರಮ ಆ ದಿನ ಸಂಜೆಯೇ. ಬಾಡಿಗೆಯ ಹಾಲ್, ನೂರೈವತ್ತು ಕುರ್ಚಿ, ಅರ್ಧ ಖಾಲಿ. ಮಂತ್ರಿಗಳು ಚೆನ್ನಾಗಿಯೇ ಮಾತಾಡಿದರು. ಪರಿಸ್ಥಿತಿ ಬಿಗಿಯಾಗಿದೆ, ತೆರಿಗೆ ಬರುತ್ತಿಲ್ಲ, ಆದರೂ ಶಿಕ್ಷಣಕ್ಕೆ ಧಕ್ಕೆಯಾಗಲು ಬಿಟ್ಟಿಲ್ಲ ಎಂದರು. "ಶಾಲೆಗಳನ್ನು ಮುಚ್ಚಿದ್ದಾರೆ ಅಂತ ಪತ್ರಿಕೆಯವರು ಬರೀತಾರ. ನಾವು ಒಂದೂ ಶಾಲೆ ಮುಚ್ಚಿಲ್ಲ. ವಿಲೀನ ಮಾಡಿದ್ದೇವೆ. ಐದು ಮಕ್ಕಳಿಗೆ ಒಬ್ಬ ಶಿಕ್ಷಕರು ಕೂತಿರೂಕಿಂತ ಐವತ್ತು ಮಕ್ಕಳಿಗೆ ಐದು ಜನ ಇದ್ದರ ಕಲಿಕೆ ಚೊಲೊ ಆಗ್ತದ. ಉಳಿದದ್ದು ನಿಮ್ಮ ಕೈಯಾಗ ಅದ. ನಿಮ್ಮ ನಿಮ್ಮ ಊರಿನ ಶಾಲೆಗಳನ್ನು ದತ್ತು ತಗೊಳ್ಳಿ."

ಜನ ಚಪ್ಪಾಳೆ ತಟ್ಟಿದರು. ಮುಚ್ಚುವ ಶಾಲೆಯನ್ನು ದತ್ತು ತೆಗೆದುಕೊಳ್ಳುವುದು ಹೇಗೆಂದು ಯಾರೂ ಕೇಳಲಿಲ್ಲ.

ಪ್ರಶ್ನೋತ್ತರ ಶುರುವಾದಾಗ ಮೈಕಿನ ಸಾಲಿನಲ್ಲಿ ನಾನು ಐದನೆಯವಳು. ಮೊದಲನೆಯವರು ಮಗಳಿಗೆ ಮೆಡಿಕಲ್ ಸೀಟಿನ ಅನಿವಾಸಿ ಕೋಟಾ ಬಗ್ಗೆ ಕೇಳಿದರು. ಎರಡನೆಯವರು ಬೆಂಗಳೂರಿನ ತಮ್ಮ ಸೈಟಿನ ಖಾತೆ ಯಾಕಾಗುತ್ತಿಲ್ಲ ಎಂದರು. ಅದು ತಮ್ಮ ಇಲಾಖೆಯಲ್ಲ ಎಂದು ಮಂತ್ರಿಗಳು ಹೇಳಿದರೂ ಬಿಡದೆ ಸರ್ವೆ ನಂಬರ್ ಓದಿ ಹೇಳಿದರು. ಮೂರನೆಯವರು ಪ್ರಶ್ನೆಯನ್ನೇ ಕೇಳಲಿಲ್ಲ, ಕನ್ನಡದ ಅಳಿವು ಉಳಿವಿನ ಬಗ್ಗೆ ಭಾಷಣ ಮಾಡಿದರು. ನಾಲ್ಕನೆಯವರಿಗೆ ಮಂತ್ರಿಗಳ ಜೊತೆ ಫೋಟೊ ಬೇಕಾಗಿತ್ತು. ಅಷ್ಟರಲ್ಲಿ ಅಧ್ಯಕ್ಷರು ಬಂದು ಮೈಕು ತೆಗೆದುಕೊಂಡರು. "ಟೈಮ್ ಆಗೋಯ್ತು, ಊಟ ತಣ್ಣಗಾಗ್ತಿದೆ." ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಪ್ರಶ್ನೆಯನ್ನು ಮಡಚಿ ಪರ್ಸಿಗೆ ಹಾಕಿದೆ. ಬಿಸಿಬೇಳೆಬಾತು ಆಗಲೇ ತಣ್ಣಗಾಗಿತ್ತು.

ಭಾನುವಾರ ಬೆಳಿಗ್ಗೆ ಆಸ್ಟಿನ್‌ಗೆ ಹೊರಟೆವು. ಮೂರೂವರೆ ತಾಸಿನ ದಾರಿ, ಎಲ್ಲೆಲ್ಲೂ ರಿಪೇರಿ, ಕಿತ್ತಳೆ ಬಣ್ಣದ ಡ್ರಮ್ಮುಗಳ ಸಾಲು. ಅಧ್ಯಕ್ಷರು ಇನ್ನೊಂದು ಕಾರಿನಲ್ಲಿ ಬ್ಯಾನರ್, ಶಾಲು, ಹಾರಗಳ ಸಮೇತ ಮುಂದೆ ಹೋಗಿದ್ದರು. ಮಂತ್ರಿಗಳು ನನ್ನ ಪಕ್ಕದಲ್ಲಿ ಕುಳಿತು, ನಾನು ತಂದಿದ್ದ ಫ್ಲಾಸ್ಕಿನ ಚಹ ಕುಡಿಯುತ್ತ ರಸ್ತೆಯ ಆಚೀಚೆ ನೋಡುತ್ತಿದ್ದರು. ಇಲ್ಲಿನ ಹೊಲಗಳಲ್ಲಿ ಜನರೇ ಕಾಣುವುದಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಆಮೇಲೆ ಸಹಜವಾಗಿ ಕೇಳಿದರು.

"ನಿಮ್ಮ ಅಮೆರಿಕಾದಾಗ ಸಾಲಿ ಮುಚ್ಚೂದಿಲ್ಲೇನ್ರಿ?"

ಸುಳ್ಳು ಹೇಳಲು ಬರಲಿಲ್ಲ. "ಮುಚ್ತಾರೆ ಸರ್. ನಾನು ಕೆಲಸ ಮಾಡೋ ಶಾಲೆನೇ ಮುಚ್ತಿದೆ. ಮುಂದಿನ ವಾರ ಕೊನೇ ದಿನ."

ಅವರು ಚಹದ ಲೋಟ ಕೆಳಗಿಟ್ಟರು. ನಾನು ಹೇಳುತ್ತ ಹೋದೆ. ಒಂದನೇ ಕ್ಲಾಸಿನಲ್ಲಿ ಓದಲು ಕಷ್ಟಪಡುವ ಮಕ್ಕಳ ಜೊತೆ ಕೂರುವುದು ನನ್ನ ಕೆಲಸ. ಸುತ್ತಮುತ್ತ ಮನೆಗಳ ಬೆಲೆ ಏರಿ ಚಿಕ್ಕ ಮಕ್ಕಳಿರುವ ಸಂಸಾರಗಳು ದೂರ ಹೋದವು, ತರಗತಿಗಳು ಖಾಲಿಯಾದವು, ಬಜೆಟ್ ಸಾಲದೆಂದು ಆಡಳಿತ ಮಂಡಳಿ ನಿರ್ಧಾರ ಮಾಡಿತು. ಅದಕ್ಕೆ ಮುಂಚೆ ಒಂದು ಸಾರ್ವಜನಿಕ ಸಭೆ ಕರೆದಿದ್ದರು. ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದಿತ್ತು.

"ನೀವು ಮಾತಾಡಿದ್ರೇನು?"

"ಇಲ್ಲ ಸರ್. ಹಿಂದಿನ ಸಾಲಲ್ಲಿ ಕೂತಿದ್ದೆ."

"ಯಾಕ?"

"ಮನೆಯವರಿಗೆ ಕೆಲಸ ಇಲ್ಲ. ಎದುರು ಮಾತಾಡಿದ್ರೆ ನನ್ನನ್ನ ಬೇರೆ ಶಾಲೆಗೆ ತಗೊಳ್ತಾರೋ ಇಲ್ವೋ ಅಂತ ಭಯ."

ಮಂತ್ರಿಗಳು ನಕ್ಕರು. ಕುಹಕದ ನಗೆಯಲ್ಲ. "ಮತ್ತ ನನ್ನ ಕತಿ ಬ್ಯಾರೆ ಅಂತ ತಿಳಕೊಂಡೀರೇನು?"

ಆ ಮಾತು ನನಗೆ ಅರ್ಥವಾದದ್ದು ಮರುದಿನ. ಆಗ ನಾನು ಅದನ್ನು ಅಲ್ಲಿಗೇ ಬಿಟ್ಟು, ಅಕ್ಕನ ಶಾಲೆಯ ವಿಷಯ ತೆಗೆದೆ. ಟಿಪ್ಪರ್ ಲಾರಿಗಳ ದಾರಿ, ಆರು ವರ್ಷದ ಮಕ್ಕಳು, ಗಂಡುಮಕ್ಕಳನ್ನು ಹೇಗೋ ಕಳಿಸಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ಯೋಚನೆಯಲ್ಲಿರುವ ತಾಯಂದಿರು, ಎಲ್ಲ ಹೇಳಿದೆ. ಅವರು ಹೂಂಗುಟ್ಟುತ್ತ ಕೇಳಿದರು. ಜೇಬಿನಿಂದ ಪುಟ್ಟ ಡೈರಿ ತೆಗೆದು ಊರಿನ ಹೆಸರು, ತಾಲ್ಲೂಕು, ಹೋಬಳಿ ಬರೆದುಕೊಂಡರು. ಅಕ್ಷರ ದುಂಡಗಿತ್ತು, ಮಾಸ್ತರರ ಅಕ್ಷರ.

"ನೋಡೂಣು. ಒಂದು ಗಾಡಿ ವ್ಯವಸ್ಥಾ ಮಾಡೂದು ದೊಡ್ಡ ಮಾತಲ್ಲ."

ದಾರಿಯಲ್ಲಿ ಒಂದು ಬೇಕರಿಯ ಹತ್ತಿರ ಕಾರು ನಿಲ್ಲಿಸಿದಾಗ ನಾನು ಅಕ್ಕನಿಗೆ ಮೆಸೇಜ್ ಕಳಿಸಿಯೇ ಬಿಟ್ಟೆ, ಮಂತ್ರಿಗಳೇ ಬರೆದುಕೊಂಡಿದ್ದಾರೆ ಎಂದು. ಎಷ್ಟು ಬೇಗ ನಂಬಿಬಿಡುತ್ತೇವೆ ಎಂದು ಈಗ ನೆನೆದರೆ ನನ್ನ ಮೇಲೇ ರೇಗುತ್ತದೆ.

ಆಸ್ಟಿನ್‌ನ ಕಾರ್ಯಕ್ರಮ ವಿಶ್ವವಿದ್ಯಾಲಯದ ಹತ್ತಿರದ ಸಭಾಂಗಣದಲ್ಲಿ. ಕರ್ನಾಟಕದಿಂದ ಓದಲು ಬಂದ ಹುಡುಗ ಹುಡುಗಿಯರು, ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು, ಶಿಕ್ಷಕರ ತರಬೇತಿ ಕಲಿಸುವ ಕೆಲವು ಅಮೆರಿಕನ್ ಅಧ್ಯಾಪಕರು. ಹಾಗಾಗಿ ಮಂತ್ರಿಗಳು ಕನ್ನಡದಲ್ಲಿ ಎರಡು ಮಾತು ಹೇಳುವುದು, ನಾನು ಪಕ್ಕದಲ್ಲಿ ನಿಂತು ಅದನ್ನು ಇಂಗ್ಲಿಷಿನಲ್ಲಿ ಹೇಳುವುದು. ನಿನ್ನೆ ಕುರ್ಚಿಯಲ್ಲಿ ಕುಳಿತು ಕೇಳಿದ ಭಾಷಣವೇ ಇಂದು ನನ್ನ ಬಾಯಿಂದ ಬರುತ್ತಿತ್ತು. ನಾವು ಒಂದೂ ಶಾಲೆ ಮುಚ್ಚಿಲ್ಲ. ಇದು ನಷ್ಟವಲ್ಲ, ಸುಧಾರಣೆ. 'ನಾವು' ಎಂದು ಇಂಗ್ಲಿಷಿನಲ್ಲಿ ಹೇಳುವಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು. ತರ್ಜುಮೆ ಮಾಡುವವಳು ತಾನೇ, ನನ್ನ ಮಾತಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಮುಂದುವರಿಸಿದೆ.

ಆಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ತಲೆಗೆ ಸ್ಕಾರ್ಫ್ ಕಟ್ಟಿದ್ದಳು, ದನಿ ಗಟ್ಟಿಯಾಗಿತ್ತು.

"ಸರ್, ನಾನು ಐದನೇ ಕ್ಲಾಸಿನ ತನಕ ಓದಿದ್ದು ಎಂಟು ಮಕ್ಕಳಿದ್ದ ಸರ್ಕಾರಿ ಶಾಲೆಯಲ್ಲಿ. ಆ ಶಾಲೆ ಅಷ್ಟು ಹತ್ತಿರ ಇಲ್ದಿದ್ರೆ ನಮ್ಮ ಮನೇಲಿ ನನ್ನನ್ನ ಕಳಿಸ್ತಾನೇ ಇರ್ಲಿಲ್ಲ. ಈಗ ಅಂಥ ಶಾಲೆಗಳನ್ನ ತೆಗೀತಾ ಇದೀರಿ. ಕಷ್ಟಕಾಲ ಬಂದ್ರೆ ಮೊದಲು ಕತ್ತರಿ ಹಾಕೋದು ನಮ್ಮಂಥೋರ ಮೇಲೇನಾ?"

 ನಾನು ಅವಳ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ, ಬಹುಶಃ ಸ್ವಲ್ಪ ಜೋರಾಗಿಯೇ. ಮಂತ್ರಿಗಳು ಒಂದು ಗುಟುಕು ನೀರು ಕುಡಿದರು. ನಂತರ ನನ್ನ ಕಡೆ ಕೈ ತೋರಿಸಿದರು.

"ಇಲ್ಲಿ ನಿಂತಾರಲ್ಲ, ಈ ಮೇಡಂ, ಇವರು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡ್ತಾರ. ಇವರ ಶಾಲೆನೂ ಮುಂದಿನ ವಾರ ಮುಚ್ತದ. ಮಕ್ಕಳು ಕಡಿಮೆ, ಬಜೆಟ್ ಇಲ್ಲ. ಇವರೇ ನನಗ ಹೇಳಿದ್ದು. ಅಮೆರಿಕಾದಂಥ ಶ್ರೀಮಂತ ದೇಶನೇ ಹಿಂಗ ಮಾಡೂವಾಗ ನಾವು ಮಾಡಿದ್ದು ತಪ್ಪು ಹೆಂಗಾಗ್ತದ?"

ಹೇಳಿ ಮುಗಿಸಿ, ಇನ್ನು ನೀವು ಹೇಳಿ ಎಂಬಂತೆ ನನ್ನತ್ತ ತಲೆಯಾಡಿಸಿದರು.

 ಕಾರಿನಲ್ಲಿ, ಪಕ್ಕದಲ್ಲಿ ಕುಳಿತು, ನಂಬಿ ಹೇಳಿದ ನನ್ನ ಕಷ್ಟವನ್ನು ಈ ಮನುಷ್ಯ ಎತ್ತಿಕೊಂಡು ಆ ಹುಡುಗಿಯ ಬಾಯಿ ಮುಚ್ಚಿಸಲು ಬಳಸಿದ್ದರು. ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳೂ ನಾನೇ. ಹೇಳಿದೆ. "ಈ ಮೇಡಂ" ಎಂಬಲ್ಲಿ 'ನಾನು' ಎಂದು ಹೇಳಬೇಕೋ 'ಇವರು' ಎಂದು ಹೇಳಬೇಕೋ ತೋಚದೆ ಒಂದು ಕ್ಷಣ ನಿಂತು, 'ನಾನು' ಎಂದೆ. ಪೂರ್ತಿ ಹೇಳಿ ಮುಗಿಸಿದ ಮೇಲೆ ನನ್ನ ಬಾಯಿ ಅಲ್ಲಿಗೆ ನಿಲ್ಲಲಿಲ್ಲ.

"ಈಗ ಹೇಳುವುದು ಮಂತ್ರಿಗಳ ಮಾತಲ್ಲ, ನನ್ನದು," ಎಂದೆ ಇಂಗ್ಲಿಷಿನಲ್ಲಿ. "ನನ್ನ ಶಾಲೆ ಮುಚ್ಚುತ್ತಿರುವುದು ನಿಜ. ಆದರೆ ಶಾಲೆ ದೂರವಾಗುವ ನಮ್ಮ ಮಕ್ಕಳಿಗೆ ಆಗಸ್ಟಿನಿಂದ ಹಳದಿ ಸ್ಕೂಲ್ ಬಸ್ಸು ಬರುತ್ತದೆ. ನಾನು ಕಲಿಸಿದ ಹಳ್ಳಿಯಲ್ಲಿ ಆರು ವರ್ಷದ ಮಕ್ಕಳು ಜಲ್ಲಿ ಲಾರಿಗಳ ನಡುವೆ ನಡೆಯಬೇಕು."

ಇಷ್ಟೇ. ನಾಲ್ಕು ವಾಕ್ಯ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಅಮೆರಿಕನ್ ಅಧ್ಯಾಪಕರು ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಆಚೀಚೆ ನೋಡಿದರು. ಮಂತ್ರಿಗಳಿಗೆ ಇಂಗ್ಲಿಷ್ ಬಾರದೆ ಏನಿಲ್ಲ, ಎಲ್ಲ ತಿಳಿಯಿತು. ಮುಖದಲ್ಲಿ ಏನನ್ನೂ ತೋರಿಸದೆ, "ಮೇಡಂ ತಮ್ಮ ಅಭಿಪ್ರಾಯ ಹೇಳಿದರು, ಒಳ್ಳೇದು, ಮುಂದಿನ ಪ್ರಶ್ನೆ" ಎಂದರು. ಆ ವಿದ್ಯಾರ್ಥಿನಿಗೆ ಉತ್ತರ ಸಿಗಲೇ ಇಲ್ಲ. ಅವಳು ಇನ್ನೂ ನಿಂತೇ ಇದ್ದಳು. ಪಕ್ಕದವಳು ಕೈ ಹಿಡಿದು ಕೂರಿಸಿದಳು.

ಹೊರಗಿನ ಕಾರಿಡಾರಿನಲ್ಲಿ ಅಧ್ಯಕ್ಷರು ನನ್ನನ್ನು ಹಿಡಿದರು. ಮುಖ ಕೆಂಪಗಾಗಿತ್ತು.

"ಏನ್ ಮೇಡಂ ಇದು? ಕರೆಸಿ ಅವಮಾನ ಮಾಡೋದಾ?"

"ನನ್ನ ವಿಷಯ ನನ್ನನ್ನ ಕೇಳದೇ ಹೇಳಿದ್ರಲ್ಲ, ಅದು?"

"ಅವರು ಮಂತ್ರಿ. ನೀವು ಟ್ರಾನ್ಸ್‌ಲೇಟರ್. ಅವರು ಹೇಳಿದ್ದನ್ನ ಹೇಳ್ಬೇಕು, ಅಷ್ಟೇ."

"ಅವರು ಹೇಳಿದ್ದನ್ನೂ ಹೇಳಿದೀನಿ."

"ನಾಳೆ ಇವರು ನಮ್ಮ ಫೋನ್ ಎತ್ತದೇ ಇದ್ರೆ? ಕನ್ನಡ ತರಗತಿಗೆ ಪಠ್ಯಪುಸ್ತಕ ಕಳಿಸ್ತೀನಿ ಅಂದಿದಾರೆ. ಅದೂ ಹೋಯ್ತು." ಅವರ ದನಿ ಇಳಿಯಿತು. "ನಂಗೂ ಸಾಕಾಗಿದೆ ಮೇಡಂ. ಆಫೀಸಲ್ಲಿ ನನ್ನ ಟೀಮಲ್ಲಿ ಅರ್ಧ ಜನ ಇಲ್ಲ. ರಜೆ ಕೇಳೋಕೂ ಹೆದರಿಕೆ. ಇದೊಂದಾದ್ರೂ ನೆಟ್ಟಗೆ ಆಗಲಿ ಅಂತಿದ್ದೆ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಹ್ಯೂಸ್ಟನ್‌ನಲ್ಲಿ ತರ್ಜುಮೆಗೆ ಬೇರೆಯವರನ್ನು ಗೊತ್ತುಮಾಡಿದ್ದೇನೆ ಎಂದು ಹೇಳಿ ಹೋದರು. ಆದರೆ ಬೇರೆ ಕಾರು ಗೊತ್ತುಮಾಡಲು ಅವರಿಂದಾಗಲಿಲ್ಲ. ಸೋಮವಾರ ಬೆಳಿಗ್ಗೆ ಮಂತ್ರಿಗಳು ಮತ್ತೆ ನನ್ನ ಪಕ್ಕದ ಸೀಟಿನಲ್ಲೇ ಬಂದು ಕುಳಿತರು.

ಹ್ಯೂಸ್ಟನ್ ಕಡೆಗೆ ಹೊರಟೆವು. ಆ ರಸ್ತೆಯಲ್ಲಿ ಸಣ್ಣ ಸಣ್ಣ ಊರುಗಳು, ಬೇಲಿಯೊಳಗೆ ಮೇಯುವ ದನಗಳು. ಹಿಂದೆ ಕಾರ್ಯದರ್ಶಿಯ ಗೊರಕೆ. ಒಂದು ತಾಸಿನ ಮೇಲೆ ಮಂತ್ರಿಗಳೇ ಮಾತು ತೆಗೆದರು.

"ನೀವು ಹೇಳಿದ್ದು ಸುಳ್ಳಲ್ಲ. ಆದ್ರ ಅಲ್ಲಿ ಹೇಳಬಾರದಿತ್ತು."

"ಎಲ್ಲಿ ಹೇಳ್ಬೇಕಿತ್ತು ಸರ್? ಡಾಲಸ್‌ನಲ್ಲಿ ಸಾಲಲ್ಲಿ ನಿಂತಿದ್ದೆ, ಮೈಕು ಸಿಗಲಿಲ್ಲ. ಕಾರಲ್ಲಿ ಹೇಳಿದೆ, ಅದನ್ನ ನೀವು ನಿಮ್ಮ ಭಾಷಣಕ್ಕೆ ಹಾಕ್ಕೊಂಡ್ರಿ."

ಅವರು ಕಿಟಕಿಯಾಚೆ ನೋಡಿದರು. "ಅದು ತಪ್ಪಾತ್ರಿ."

ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಜಗಳಕ್ಕೆಂದು ಕೂಡಿಟ್ಟ ಮಾತುಗಳೆಲ್ಲ ಕೆಲಸಕ್ಕೆ ಬಾರದಾದವು. ಅವರು ಮುಂದುವರಿಸಿದರು. ಶಾಲೆಗಳನ್ನು ವಿಲೀನ ಮಾಡುವುದಾದರೆ ಮಕ್ಕಳಿಗೆ ಗಾಡಿ ಕೊಡಲೇಬೇಕೆಂದು ತಾವು ಸಂಪುಟದ ಒಳಗೆ ಕೇಳಿದ್ದರಂತೆ. ವಿಲೀನಕ್ಕೆ ಒಪ್ಪಿಗೆ ಸಿಕ್ಕಿತು, ಗಾಡಿಗೆ ಸಿಗಲಿಲ್ಲ. "ಒಳಗ ಇರೂತನಾ ಅದು ನಾನು ಸೋತ ಮಾತು. ಹೊರಗ ಬಂದ ಮ್ಯಾಲೆ ಅದು ನನ್ನದೇ ನೀತಿ. ಸಮರ್ಥನಾ ಮಾಡ್ಲೇಬೇಕು."

"ಹಾಗಾದ್ರೆ ಇವತ್ತು ಅದನ್ನೇ ಹೇಳಿ ಸರ್. ಗಾಡಿ ಕೊಡ್ಬೇಕಿತ್ತು, ಕೊಡಕ್ಕಾಗಿಲ್ಲ ಅಂತ. ಜನಕ್ಕೆ ಅರ್ಥ ಆಗುತ್ತೆ. ಇಲ್ಲಿ ಎಲ್ಲರ ಮನೇಲೂ ಇದೇ ನಡೀತಿದೆ."

"ಹೇಳಬಹುದು. ಹೇಳಿದ್ರ ನಾ ಊರು ಮುಟ್ಟೂದ್ರೊಳಗ ಮಂತ್ರಿ ಆಗಿರೂದಿಲ್ಲ." ನನ್ನ ಕಡೆ ತಿರುಗಿ ಅಂದರು, "ನೀವು ನಿಮ್ಮ ಸಭಾದಾಗ ಹಿಂದಿನ ಸಾಲಿನ್ಯಾಗ ಕೂತಿದ್ರಿ ಅಂದ್ರಲ್ಲ. ನನಗ ಕೂಡ್ಲಿಕ್ಕೆ ಹಿಂದಿನ ಸಾಲು ಇಲ್ಲ. ಅಷ್ಟೇ ಫರಕು."

  ನಾನು ಸುಮ್ಮನಿದ್ದದ್ದರಿಂದ ಯಾವ ಮಗುವೂ ಟಿಪ್ಪರ್ ದಾರಿಗೆ ಬೀಳಲಿಲ್ಲ ಎಂದು ಹೇಳಬಹುದಿತ್ತು. ಅದು ಹೊಳೆದದ್ದು ಎರಡು ದಿನದ ಮೇಲೆ, ಪಾತ್ರೆ ತೊಳೆಯುವಾಗ.

ಹ್ಯೂಸ್ಟನ್‌ನ ಕಾರ್ಯಕ್ರಮ ನಡೆದದ್ದು ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ. ಅಚ್ಚುಕಟ್ಟಾದ ಮರಗಳು, ಕೆರೆ, ಆಚೆ ಎನರ್ಜಿ ಕಂಪನಿಗಳ ಗಾಜಿನ ಕಟ್ಟಡಗಳು. ಆಸ್ಟಿನ್‌ನಲ್ಲಿ ನಡೆದದ್ದು ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮೈಕು ಇಲ್ಲ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು ಎಂದು ಬಾಗಿಲಲ್ಲೇ ಹೇಳಿದರು. ನಾನು ಪರ್ಸಿನಲ್ಲಿದ್ದ ಚೀಟಿಯನ್ನೇ ಬಿಡಿಸಿ ಡಬ್ಬಿಗೆ ಹಾಕಿದೆ. ಅದನ್ನು ಓದಲಿಲ್ಲ. ಓದಿದ್ದು ಮೂರು ಪ್ರಶ್ನೆ. ಮೂರೂ ಹೊಗಳಿಕೆಯೇ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು ಅಷ್ಟೇ.

ನಾನು ಕಾದು ಕುಳಿತದ್ದು ಭಾಷಣಕ್ಕಾಗಿ. ಕಾರಿನಲ್ಲಿ ಹೇಳಿದ ಮಾತಿನ ಒಂದು ಎಳೆಯಾದರೂ ಬರಬಹುದೆಂದು. ಬಂತು, ಹೀಗೆ: "ಅಮೆರಿಕಾದಾಗೂ ಎಷ್ಟೋ ಶಾಲೆ ಮುಚ್ಚುತ್ತಾರಂತ ಕೇಳೇನಿ." ಈ ಸಲ 'ಈ ಮೇಡಂ' ಇರಲಿಲ್ಲ. ತಪ್ಪಾಯಿತು ಎಂದು ಒಪ್ಪಿಕೊಂಡಿದ್ದಕ್ಕೆ ಭಾಷಣದಿಂದ ನನ್ನನ್ನಷ್ಟೇ ತೆಗೆದಿದ್ದರು. ವಾದ ಹಾಗೇ ಇತ್ತು. ಜನ ತಲೆದೂಗಿದರು. ನಾನು ಎದ್ದು ಹೊರಗೆ ಬಂದು ಬಿಸಿಲಿನಲ್ಲಿ, ಕಾರಿಗೆ ಒರಗಿ ನಿಂತುಕೊಂಡೆ.

ಸಂಜೆ ಏರ್‌ಪೋರ್ಟಿನಲ್ಲಿ ಇಳಿಯುವಾಗ ಮಂತ್ರಿಗಳು ಡೈರಿಯಿದ್ದ ಜೇಬು ಮುಟ್ಟಿ, "ನಿಮ್ಮ ಊರಿನ ಕೆಲಸ ಮರೆಯೂದಿಲ್ರಿ" ಎಂದು ಕೈಮುಗಿದರು. ನಾನೂ ಮುಗಿದೆ. ಯೂಲೆಸ್‌ಗೆ ನಾಲ್ಕು ತಾಸು ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದೆ.

ಜೂನ್ ಮೊದಲ ವಾರದ ಹೊತ್ತಿಗೆ ನನ್ನ ಶಾಲೆ ಖಾಲಿಯಾಯಿತು. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಹಚ್ಚಿದೆವು. ನನ್ನನ್ನು ಇನ್ನೊಂದು ಶಾಲೆಗೆ ತೆಗೆದುಕೊಂಡರು. ಗಂಡನಿಗೆ ಆಗಸ್ಟಿನಲ್ಲಿ ಹಿಂದಿಗಿಂತ ಚಿಕ್ಕದೊಂದು ಕೆಲಸ ಸಿಕ್ಕಿತು. ಮಂತ್ರಿಗಳು ಹೇಳಿದ್ದ ಪಠ್ಯಪುಸ್ತಕಗಳು ಬಂದವು ಕೂಡ. ಅಧ್ಯಕ್ಷರು ಅವುಗಳ ಫೋಟೊ ತೆಗೆದು ಗುಂಪಿಗೆಲ್ಲ ಕಳಿಸಿದರು. ಅದುವರೆಗೆ ನಾನು ಪಾಠ ಮಾಡುತ್ತಿದ್ದ ಬಳಗದ ಭಾನುವಾರದ ಕನ್ನಡ ತರಗತಿಗೆ ಮಾತ್ರ ನನ್ನನ್ನು ಮತ್ತೆ ಕರೆಯಲಿಲ್ಲ.

ಜುಲೈಯಲ್ಲಿ ಅಕ್ಕನ ಫೋನು ಬಂತು. ಎಂದಿನಂತೆ ಊಟ ಆಯ್ತಾ ಎಂದು ಕೇಳಲಿಲ್ಲ.

"ನೀನು ಯಾರ ಹತ್ರ ಏನು ಹೇಳ್ದೆ?"

ಮಂತ್ರಿಗಳು ಮರೆತಿರಲಿಲ್ಲ. ಡೈರಿಯಲ್ಲಿದ್ದ ಊರಿನ ಹೆಸರು ಕಾರ್ಯದರ್ಶಿಗೆ ಹೋಗಿತ್ತು, ಅಲ್ಲಿಂದ ಯಾವುದೋ ಕಚೇರಿಗೆ, ಅಲ್ಲಿಂದ ಇನ್ನೊಂದಕ್ಕೆ. ಇಳಿಯುತ್ತ ಇಳಿಯುತ್ತ ಗಾಡಿಯ ಮಾತು ಕಳೆದುಹೋಗಿ, ವಿಲೀನದ ವಿರುದ್ಧ ವಿದೇಶದವರೆಗೆ ದೂರು ಹೋಗಿದೆ, ಯಾರು ಕೊಟ್ಟದ್ದು ಎಂಬುದಷ್ಟೇ ಉಳಿದಿತ್ತು. ಅಕ್ಕನಿಂದ ಲಿಖಿತ ವಿವರಣೆ ಕೇಳಿದ್ದರು. ನಿವೃತ್ತಿಗೆ ಎರಡು ವರ್ಷವಿದ್ದ ಹೆಂಗಸು ಎರಡು ಪುಟ ಬರೆದುಕೊಟ್ಟು, ಮೇಲಧಿಕಾರಿಯ ಮುಂದೆ ನಿಂತು, ನನಗೇನೂ ಗೊತ್ತಿಲ್ಲ ಸಾರ್ ಎಂದು ಹೇಳಿ ಬಂದಿದ್ದರು.

 "ತಪ್ಪಾಯ್ತು ಅಕ್ಕ" ಅಂದೆ.

"ನೀನೇನು ತಪ್ಪು ಹೇಳಿದ್ಯಾ? ಇರೋದನ್ನೇ ಹೇಳಿದೀಯ. ಆದ್ರೆ ಬರೆದುಕೊಟ್ಟು ಬಂದೋಳು ನಾನಲ್ವಾ."

"ಮತ್ತೆ ಮಕ್ಕಳು?"

"ಎಲ್ಲಿ ಗಾಡಿ, ಎಲ್ಲಿ ಬಸ್ಸು? ನಾನೇ ಕರ್ಕೊಂಡು ಹೋಗ್ತೀನಿ."

ಬೆಳಿಗ್ಗೆ ಎಂಟಕ್ಕೆ ಮಕ್ಕಳೆಲ್ಲ ಹಳೇ ಶಾಲೆಯ ಮುಂದೆ ಸೇರುತ್ತಾರೆ. ಅಕ್ಕ ಮುಂದೆ, ಅಡುಗೆ ಮಾಡುತ್ತಿದ್ದ ಹೆಂಗಸು ಹಿಂದೆ, ನಡುವೆ ಮಕ್ಕಳು ಕೈ ಕೈ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಲಾರಿ ಬಂದರೆ ಅಕ್ಕ ಕೈಯೆತ್ತುತ್ತಾರೆ, ಎಲ್ಲರೂ ಚರಂಡಿಯಾಚೆ ಹೋಗಿ ದೂಳು ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾರೆ. ಹೊಸ ಶಾಲೆ ತಲುಪಲು ಒಂದೂಕಾಲು ತಾಸು. ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮೂವರು ಹೆಣ್ಣುಮಕ್ಕಳು ಬರುತ್ತಿಲ್ಲ. ಅಕ್ಕ ಅವರ ಮನೆಗಳಿಗೆ ಹೋಗಿ ಬಂದರು. ಮುಂದಿನ ವರ್ಷ ನೋಡೋಣ ಎಂದರಂತೆ ತಾಯಂದಿರು.

ಮಂತ್ರಿಗಳ ಕಾರ್ಯದರ್ಶಿಗೆ ನಾನು ಎರಡು ಮೇಲ್ ಕಳಿಸಿದೆ. ನಾವು ಕೇಳಿದ್ದು ಗಾಡಿ, ದೂರಿನ ತನಿಖೆಯಲ್ಲ ಎಂದು ಸ್ಪಷ್ಟವಾಗಿ ಬರೆದೆ. ನಿಮ್ಮ ಪತ್ರವನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದು ಒಂದಕ್ಕೆ ಉತ್ತರ ಬಂತು. ಅದನ್ನು ಓದಿದ ತಕ್ಷಣ ನನಗೆ ಭಯವಾಯಿತು, ಮತ್ತೆ ಅಕ್ಕನಿಗೇ ಹೋಗುತ್ತದೆಂದು. ಮೂರನೆಯ ಮೇಲ್ ಕಳಿಸಲಿಲ್ಲ.